ಗ್ಲೀನ್ ಅಂದ್ರೆ ಹಕ್ಕಲಾಯೋದು

ಇವತ್ತು ಒಂದೇ ಒಂದು ಇಂಗ್ಲಿಷ್ ಕ್ರಿಯಾಪದ: ಗ್ಲೀನ್.

ನಾನು ಪುಣೆಗೆ ಬಂದ ಹೊಸತು. ರಾತ್ರಿ ಸರ್ವರ್ ಡೌನ್ ಆಗಿತ್ತು. ಬೆಳಿಗ್ಗೆ ಕಾಲ್‌ನಲ್ಲಿ ಮ್ಯಾನೇಜರ್, "ವಾಟ್ ಕುಡ್ ಯು ಗ್ಲೀನ್ ಫ್ರಮ್ ದ ಲಾಗ್ಸ್?" ಅಂದ್ರು. ನಾನು ಧೈರ್ಯವಾಗಿ, "ಎಲ್ಲಾ ಲಾಗ್ ಕಲೆಕ್ಟ್ ಮಾಡಿದೀನಿ, ಜಿಪ್ ಮಾಡಿ ಕಳಿಸ್ತೀನಿ" ಅಂದೆ. ಎಲ್ಲರೂ ಒಂದು ಕ್ಷಣ ಸುಮ್ಮನಾದ್ರು. ಅವರಿಗೆ ಬೇಕಾಗಿದ್ದು ಲಾಗ್ ಅಲ್ಲ, ಅದರಿಂದ ನನಗೆ ಏನು ತಿಳೀತು ಅನ್ನೋದು.

ಗ್ಲೀನ್ ಪದ ಹಳೆಯ ಫ್ರೆಂಚ್‌ನಿಂದ ಇಂಗ್ಲಿಷ್‌ಗೆ ಬಂತು. ಮೂಲ ಅರ್ಥ, ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಉಳಿದ ತೆನೆ ಆಯುವುದು. ಫ್ರಾನ್ಸಿನ ಚಿತ್ರಕಾರ ಮಿಲೆ 1857ರಲ್ಲಿ ಬರೆದ 'ದ ಗ್ಲೀನರ್ಸ್' ಚಿತ್ರ ನೋಡಿ. ಮೂವರು ಬಡ ಹೆಂಗಸರು ನೆಲಕ್ಕೆ ಬಗ್ಗಿ ತೆನೆ ಆಯ್ತಿದ್ದಾರೆ. ದೂರದಲ್ಲಿ ದೊಡ್ಡ ದೊಡ್ಡ ಬಣವೆಗಳಿವೆ, ಅವು ಇವರದ್ದಲ್ಲ.

ಅವ್ವನಿಗೆ ಫೋನಿನಲ್ಲಿ ಇದನ್ನ ಹೇಳಿದೆ. "ಹಕ್ಕಲಾ ಆಯೋದಲ್ಲೇನೋ ಅದು! ಶೇಂಗಾ ಕಿತ್ತ ಮ್ಯಾಲ ನಾವೂ ಹೋಗ್ತಿದ್ವಿ. ಒಂದು ಉಡಿ ತುಂಬೂದ್ರಾಗ ಮಧ್ಯಾಹ್ನ ಆಗ್ತಿತ್ತು" ಅಂದಳು. ಎಂಟೆಕ್ ಮಾಡಿದ ನನಗೆ ಆ ಕನ್ನಡ ಪದ ಗೊತ್ತಿರಲಿಲ್ಲ. ಅವ್ವ ಹಕ್ಕಲಾಯ್ದದ್ದೂ ಗೊತ್ತಿರಲಿಲ್ಲ.

ಈಗ ಬಳಕೆಗೆ ಬರೋಣ. ಜನ ಒಂದು ಕಡೆ ಸೇರಿದರೆ ಗ್ಯಾದರ್. ಚಂದಾ ಎತ್ತಿದರೆ, ಫಾರ್ಮ್ ಒಟ್ಟು ಮಾಡಿದರೆ ಕಲೆಕ್ಟ್. "ಐ ಗ್ಯಾದರ್ ಯು ಆರ್ ಲೀವಿಂಗ್" ಅಂದ್ರೆ "ನೀವು ಬಿಡ್ತಿದ್ದೀರಂತೆ, ಹೌದಾ?" ಅನ್ನೋ ಧಾಟಿ. ಯಾರೂ ನೇರವಾಗಿ ಹೇಳದ ವಿಷಯವನ್ನ ಅಲ್ಲಿಷ್ಟು ಇಲ್ಲಿಷ್ಟು ಹುಡುಕಿ, ಕಷ್ಟಪಟ್ಟು ತಿಳ್ಕೊಂಡರೆ ಗ್ಲೀನ್. ಎಲ್ಲಿಂದ ಅಂತ ಹೇಳೋಕೆ ಜೊತೆಗೆ 'ಫ್ರಮ್' ಬಳಸ್ತೀವಿ: "ಐ ಗ್ಲೀನ್ಡ್ ದಿಸ್ ಫ್ರಮ್ ಓಲ್ಡ್ ಮೇಲ್ಸ್." ಹತ್ತು ಜಿಬಿ ಡೇಟಾ ಸುಮ್ಮನೆ ಡೌನ್‌ಲೋಡ್ ಮಾಡಿದರೆ ಅದು ಗ್ಲೀನ್ ಅಲ್ಲ. ಅದರೊಳಗೆ ತಪ್ಪಿರೋ ಮೂರು ಸಾಲು ಹುಡುಕಿದರೆ, ಅದು ಗ್ಲೀನ್.

ಇನ್ಮೇಲೆ ಮೀಟಿಂಗ್‌ನಲ್ಲಿ ಯಾರಾದ್ರೂ "ವಾಟ್ ಡಿಡ್ ಯು ಗ್ಲೀನ್?" ಅಂದ್ರೆ, ಹೊಲ ತೋರಿಸಬೇಡಿ. ಉಡಿಯಲ್ಲಿ ಏನಿದೆ ಅದನ್ನ ತೋರಿಸಿ. ಮತ್ತೆ ಈ ವಾರ ಮನೆಗೆ ಫೋನ್ ಮಾಡಿದಾಗ, ಹಕ್ಕಲು ಅಂದ್ರೆ ಏನು ಅಂತ ಒಂದು ಮಾತು ಕೇಳಿ ನೋಡಿ.