ಸಣ್ಣ ಸಿಎನ್‌ಸಿ ಯಂತ್ರಕ್ಕೆ ಸ್ಪಿಂಡಲ್: ಬೆಲೆಗೆ ಮೊದಲು ಕೆಲಸದ ಲೆಕ್ಕ

ಹವ್ಯಾಸಿಗಳ ಮೇಜಿನ ಮೇಲಿದ್ದ ಸಣ್ಣ ಸಿಎನ್‌ಸಿ ರೌಟರ್ ಯಂತ್ರವು ಇಂದು ನಾಮಫಲಕ, ಮರದ ಕೆತ್ತನೆ ಹಾಗೂ ಎಂಡಿಎಫ್ ಜಾಲರಿ ತಯಾರಿಸುವ ಸಣ್ಣ ಉದ್ದಿಮೆದಾರರ ಮಳಿಗೆಗಳಿಗೂ ಕಾಲಿಟ್ಟಿದೆ. ಇಂತಹ ಅನೇಕ ಯಂತ್ರಗಳಲ್ಲಿ ಕಟರನ್ನು ತಿರುಗಿಸುವ ಸ್ಪಿಂಡಲನ್ನು ಗ್ರಾಹಕನೇ ಪ್ರತ್ಯೇಕವಾಗಿ ಆರಿಸಬೇಕಾಗುತ್ತದೆ. ಹೆಚ್ಚು ಕಿಲೋವ್ಯಾಟ್ ಇದ್ದರೆ ಹೆಚ್ಚು ಒಳ್ಳೆಯದೆಂಬ ಭಾವನೆಯಿಂದ ಖರೀದಿಸಿದರೆ ಬಂಡವಾಳ ವ್ಯರ್ಥವಾಗುವ ಸಂಭವವುಂಟು.

ಎರಡು ಬಗೆಗಳು

ಮೊದಲನೆಯದು ಬಡಗಿಗಳು ಬಳಸುವ ಕೈ ರೌಟರ್. ಉದಾಹರಣೆಗೆ ಮಕಿಟಾ ಆರ್‌ಟಿ 0700 ಸಿ ಮಾದರಿಯು 710 ವ್ಯಾಟ್ ಸಾಮರ್ಥ್ಯದ್ದಾಗಿದ್ದು, ನಿಮಿಷಕ್ಕೆ 10,000ದಿಂದ 30,000 ಸುತ್ತು ತಿರುಗುತ್ತದೆ. ಇದು ಹಗುರ, ಅಗ್ಗ ಮತ್ತು ನೇರವಾಗಿ ಪ್ಲಗ್‌ಗೆ ಜೋಡಿಸುವಂಥದ್ದು. ಆದರೆ ಶಬ್ದ ಹೆಚ್ಚು. ಕಾರ್ಬನ್ ಬ್ರಷ್‌ಗಳು ಸವೆಯುತ್ತವೆ.

ಎರಡನೆಯದು ವಿಎಫ್‌ಡಿ ಮೂಲಕ ನಡೆಯುವ ಬ್ರಷ್‌ರಹಿತ ಸ್ಪಿಂಡಲ್. 2.2 ಕಿಲೋವ್ಯಾಟ್‌ನ ಸಾಮಾನ್ಯ ಮಾದರಿಯು 400 ಹರ್ಟ್ಸ್‌ನಲ್ಲಿ 24,000 ಸುತ್ತು ತಿರುಗುತ್ತದೆ. ನೀರಿನಿಂದ ತಂಪಾಗುವ ಮಾದರಿಯ ಶಬ್ದ ಕಡಿಮೆ. ಆದರೆ ಪಂಪು, ಕೊಳವೆಗಳ ನಿಗಾ ಅಗತ್ಯ. ಗಾಳಿಯಿಂದ ತಂಪಾಗುವುದಕ್ಕೆ ಆ ಜಂಜಾಟವಿಲ್ಲ. ಇವುಗಳ ತೂಕ ಹೆಚ್ಚಾದುದರಿಂದ ಹಗುರ ಚೌಕಟ್ಟಿನ ಯಂತ್ರ ಅದುರಿ, ಕೆಲಸದ ನಯ ಕೆಡುತ್ತದೆ.

ವೇಗ ಮತ್ತು ಶಕ್ತಿ

ಎರಡು ಅಲಗಿನ ಕಟರ್ 18,000 ಸುತ್ತಿನಲ್ಲಿ ತಿರುಗುತ್ತಾ ಪ್ರತಿ ಅಲಗಿಗೆ 0.05 ಮಿ.ಮೀ. ಕತ್ತರಿಸಬೇಕಾದರೆ ಯಂತ್ರವು ನಿಮಿಷಕ್ಕೆ 1,800 ಮಿ.ಮೀ. ಚಲಿಸಬೇಕು. ಯಂತ್ರವು 600 ಮಿ.ಮೀ. ಮಾತ್ರ ಚಲಿಸಿದರೆ ಅಲಗು ಕತ್ತರಿಸುವ ಬದಲು ಉಜ್ಜುತ್ತದೆ. ಅಕ್ರಿಲಿಕ್ ಕರಗಿ ಅಂಟುತ್ತದೆ, ಮರ ಸುಟ್ಟು ಕಪ್ಪಾಗುತ್ತದೆ. ಆದುದರಿಂದ ಗರಿಷ್ಠ ವೇಗದಷ್ಟೇ, ವೇಗವನ್ನು ತಗ್ಗಿಸಲು ಸಾಧ್ಯವೇ ಎಂಬುದೂ ಮುಖ್ಯ.

ವೇಗ ತಗ್ಗಿದಂತೆ ದೊರೆಯುವ ಶಕ್ತಿಯೂ ತಗ್ಗುತ್ತದೆ. 2.2 ಕಿಲೋವ್ಯಾಟ್ ಸ್ಪಿಂಡಲ್ 12,000 ಸುತ್ತಿನಲ್ಲಿ ನೀಡುವುದು ಸರಿಸುಮಾರು ಅದರ ಅರ್ಧ. 6 ಮಿ.ಮೀ. ಹೈಸ್ಪೀಡ್ ಸ್ಟೀಲ್ ಕಟರ್‌ನಿಂದ ಮೆದು ಉಕ್ಕನ್ನು ಕತ್ತರಿಸಲು ಸುಮಾರು 1,300 ಸುತ್ತು ಸಾಕು; ಆ ವೇಗದಲ್ಲಿ ಈ ಸ್ಪಿಂಡಲ್‌ನಲ್ಲಿ ಉಳಿಯುವ ಶಕ್ತಿ ಅತ್ಯಲ್ಪ. ಮರ, ಪ್ಲಾಸ್ಟಿಕ್‌ಗಳಿಗೆ ಒಪ್ಪುವ ಸ್ಪಿಂಡಲ್ ಉಕ್ಕಿನ ಕೆಲಸಕ್ಕೆ ಒಪ್ಪದು.

ಕೊಲೆಟ್‌ನ ಅಳತೆಯನ್ನೂ ಗಮನಿಸಬೇಕು. ಇಆರ್ 11 ಕೊಲೆಟ್ 7 ಮಿ.ಮೀ.ವರೆಗಿನ, ಇಆರ್ 20 ಕೊಲೆಟ್ 13 ಮಿ.ಮೀ.ವರೆಗಿನ ಹಿಡಿಯ ಕಟರ್‌ಗಳನ್ನು ಹಿಡಿಯುತ್ತದೆ.

ಮೊದಲ ದಿನದ ಅಪಾಯ

400 ಹರ್ಟ್ಸ್‌ನ ಸ್ಪಿಂಡಲ್‌ಗೆ ವಿಎಫ್‌ಡಿಯ ಮೂಲ ಆವರ್ತನವನ್ನು 50 ಹರ್ಟ್ಸ್‌ನಲ್ಲಿಯೇ ಬಿಟ್ಟು ಚಾಲೂ ಮಾಡಿದರೆ, ಕಡಿಮೆ ವೇಗದಲ್ಲಿಯೇ ಪೂರ್ಣ ವೋಲ್ಟೇಜ್ ಹರಿದು ಸುರುಳಿ ಸುಟ್ಟುಹೋಗಬಹುದು. ವೋಲ್ಟೇಜ್, ಆವರ್ತನ ಮತ್ತು ಕರೆಂಟ್ ಮಿತಿಗಳನ್ನು ಸ್ಪಿಂಡಲ್‌ನ ಫಲಕದಲ್ಲಿರುವಂತೆಯೇ ಹೊಂದಿಸಬೇಕು. ಪ್ರತ್ಯೇಕ ವಿದ್ಯುತ್ ಮಾರ್ಗ, ಎಂಸಿಬಿ ಹಾಗೂ ಸರಿಯಾದ ಅರ್ತಿಂಗ್‌ನ ವೆಚ್ಚವನ್ನೂ ಯಂತ್ರದ ಬೆಲೆಗೆ ಸೇರಿಸಿಯೇ ಎಣಿಸತಕ್ಕದ್ದು.

ಗಂಟೆಯ ಲೆಕ್ಕ

ತಿಳಿವಳಿಕೆಗಾಗಿ ಊಹಿಸಿದ ಅಂಕಿಗಳಿವು: ಕೈ ರೌಟರ್‌ಗೆ ರೂ. 10,000, ಬಾಳಿಕೆ 500 ಗಂಟೆ. ವಿಎಫ್‌ಡಿ ಸಹಿತ ಸ್ಪಿಂಡಲ್‌ಗೆ ರೂ. 40,000, ಬಾಳಿಕೆ 4,000 ಗಂಟೆ. ಗಂಟೆಯ ವೆಚ್ಚ ಕ್ರಮವಾಗಿ ರೂ. 20 ಮತ್ತು ರೂ. 10. ದಿನಕ್ಕೆ ಆರು ಗಂಟೆಯಂತೆ 300 ದಿನ ದುಡಿಯುವವನಿಗೆ ರೌಟರ್‌ನಿಂದ ವರ್ಷಕ್ಕೆ ರೂ. 36,000, ಸ್ಪಿಂಡಲ್‌ನಿಂದ ರೂ. 18,000 ವೆಚ್ಚ ತಗಲುತ್ತದೆ. ದಿನಕ್ಕೆ ಒಂದೇ ಗಂಟೆ ಕೆಲಸವಿರುವವನಿಗೆ ರೌಟರ್‌ನ ವೆಚ್ಚ ರೂ. 6,000 ಮಾತ್ರ; ಅವನು ಸ್ಪಿಂಡಲ್ ಕೊಂಡರೆ ರೂ. 40,000 ಹದಿಮೂರು ವರ್ಷಗಳ ಕೆಲಸಕ್ಕೆ ಮುಂಗಡವಾಗಿ ಸಿಲುಕುತ್ತದೆ. ಪ್ರತಿಯೊಬ್ಬರೂ ತಮಗೆ ಬಂದ ದರಪಟ್ಟಿಯ ಅಂಕಿಗಳನ್ನು ಹಾಕಿ ಈ ಲೆಕ್ಕವನ್ನು ಮಾಡಿಕೊಳ್ಳುವುದು ಸೂಕ್ತ.

ತೆರಿಗೆಯ ಅಂಶಗಳು

ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರೋಪಕರಣಗಳಿಗೆ ಶೇ. 15ರ ಸವಕಳಿ ದೊರೆಯುತ್ತದೆ. ಖರೀದಿಸಿದ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಹಾಳಾದ ಸ್ಪಿಂಡಲ್ ಬದಲಿಗೆ ಅದೇ ಬಗೆಯದನ್ನು ಹಾಕಿದರೆ ಅದು ಸಾಮಾನ್ಯವಾಗಿ ದುರಸ್ತಿ ವೆಚ್ಚ. ಸಾಮರ್ಥ್ಯ ಹೆಚ್ಚಿಸಲು ಹಾಕಿದರೆ ಬಂಡವಾಳ ವೆಚ್ಚ. ಜಿಎಸ್‌ಟಿಯ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯುವವರು ಆ ತೆರಿಗೆಯ ಮೊತ್ತದ ಮೇಲೆ ಸವಕಳಿ ಪಡೆಯುವಂತಿಲ್ಲ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಈ ಕ್ರೆಡಿಟ್ ಇಲ್ಲವಾದುದರಿಂದ ಅವರು ತೆರಿಗೆ ಸಹಿತ ಬೆಲೆಯನ್ನೇ ಹೋಲಿಸಬೇಕು.

ಖರೀದಿಗೆ ಮುನ್ನ ಕತ್ತರಿಸಬೇಕಾದ ವಸ್ತು, ಕಟರ್‌ನ ಅಳತೆ, ಚೌಕಟ್ಟು ಹೊರುವ ಭಾರ ಮತ್ತು ದಿನದ ದುಡಿಮೆಯ ಗಂಟೆ, ಈ ನಾಲ್ಕನ್ನು ಬರೆದಿಟ್ಟುಕೊಳ್ಳಬೇಕು. ವಿಎಫ್‌ಡಿಯ ಹೊಂದಾಣಿಕೆಗಳು, ಖಾತರಿಯ ಷರತ್ತುಗಳು ಮತ್ತು ಬೇರಿಂಗ್‌ಗಳ ಲಭ್ಯತೆಯನ್ನು ಮಾರಾಟಗಾರರಿಂದ ಲಿಖಿತವಾಗಿ ಪಡೆದ ನಂತರವೇ ಮುಂಗಡ ಹಣ ನೀಡುವುದು ಕ್ಷೇಮ.