ಇಪ್ಪತ್ತು ವಾಟಿನ ಸತ್ಯಪರೀಕ್ಷೆ

ಪೇಟೆಯಲ್ಲಿ ತೂಕದ ಮೇಲೆ ಮಾರುವ ಪದಾರ್ಥವನ್ನು ತಕ್ಕಡಿಯಲ್ಲಿಟ್ಟು ನೋಡಬಹುದು, ಉದ್ದದ ಮೇಲೆ ಮಾರುವುದನ್ನು ಗಜಕಡ್ಡಿಯಿಂದ ಅಳೆಯಬಹುದು. ಆದರೆ ವಾಟುಗಳ ಲೆಕ್ಕದಲ್ಲಿ ಮಾರಾಟವಾಗುವ ಆಂಪ್ಲಿಫೈಯರನ್ನು ಕೊಳ್ಳುವ ಗೃಹಸ್ಥನಲ್ಲಿ ಅಂತಹ ಸಾಧನ ಯಾವುದೂ ಇಲ್ಲವಾದುದರಿಂದ, ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಅಂಕಿಗೆ ಶರಣಾಗುವುದರ ಹೊರತು ಆತನಿಗೆ ಅನ್ಯಮಾರ್ಗವಿಲ್ಲ. ಈ ನಿಸ್ಸಹಾಯಕತೆಯನ್ನು ವ್ಯಾಪಾರಿಗಳು ಚೆನ್ನಾಗಿ ಬಲ್ಲರು. 1990ರ ದಶಕದಲ್ಲಿ ನಮ್ಮ ಅಂಗಡಿಗಳ ತುಂಬ ರಾರಾಜಿಸುತ್ತಿದ್ದ ಟೇಪ್ ರೆಕಾರ್ಡರುಗಳ ಮೈಮೇಲೆ ‘ಪಿ.ಎಂ.ಪಿ.ಓ.’ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂಬ ಬೀಜಮಂತ್ರದೊಡನೆ ನೂರಾರು ವಾಟುಗಳೆಂದು ಬರೆದಿರುತ್ತಿದ್ದುದನ್ನು ಕಂಡವರು ಇನ್ನೂ ಅನೇಕರಿದ್ದಾರೆ. ಅದೇ ಯಂತ್ರದ ಬೆನ್ನನ್ನು ತಿರುಗಿಸಿ ನೋಡಿದ್ದರೆ, ಅದು ಮನೆಯ ವಿದ್ಯುತ್ತಿನಿಂದ ಸೆಳೆದುಕೊಳ್ಳುತ್ತಿದ್ದುದು ಅದರ ಅತ್ಯಲ್ಪ ಭಾಗವನ್ನು ಮಾತ್ರವೆಂಬುದು ತಿಳಿಯುತ್ತಿತ್ತು. ತಾನು ಪಡೆದುದಕ್ಕಿಂತ ಹೆಚ್ಚನ್ನು ನಿರಂತರವಾಗಿ ಕೊಡಬಲ್ಲ ಯಂತ್ರವನ್ನು ಪ್ರಕೃತಿ ಇದುವರೆಗೆ ಯಾರಿಗೂ ಅನುಗ್ರಹಿಸಿಲ್ಲ.

ಈ ವ್ಯಾಧಿ ಹುಟ್ಟಿದ್ದು ನಮ್ಮಲ್ಲಲ್ಲ. 1960ರ ದಶಕದ ಅಮೆರಿಕದಲ್ಲಿ ಕ್ಷಣಮಾತ್ರದ ಶಕ್ತಿಯನ್ನೂ ನಿರಂತರದ ಶಕ್ತಿಯನ್ನೂ ಬೇಕೆಂದೇ ಬೆರಸಿ, ಎಡಬಲ ಎರಡು ಚಾನೆಲುಗಳನ್ನು ಕೂಡಿಸಿ, ವಾಟುಗಳನ್ನು ಉಬ್ಬಿಸಿ ಹೇಳುವ ಸ್ಪರ್ಧೆ ಮಿತಿಮೀರಿದಾಗ, ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಒಂದು ನಿಯಮವನ್ನು ಜಾರಿಗೆ ತಂದಿತು. ಪ್ರತಿಯೊಂದು ಚಾನೆಲಿನ ನಿರಂತರ ಶಕ್ತಿ ಎಷ್ಟು, ಅದು ಎಷ್ಟು ಓಂ ಹೊರೆಯ ಮೇಲೆ, ಯಾವ ಆವೃತ್ತಿಯಿಂದ ಯಾವ ಆವೃತ್ತಿಯವರೆಗೆ, ಎಷ್ಟು ವಿಕೃತಿಯೊಡನೆ ಎಂಬುದನ್ನೆಲ್ಲ ಒಟ್ಟಿಗೆ ಹೇಳತಕ್ಕದ್ದು. ಅಳೆಯುವಾಗ ಎರಡು ಚಾನೆಲುಗಳೂ ಏಕಕಾಲದಲ್ಲಿ ದುಡಿಯುತ್ತಿರತಕ್ಕದ್ದು. ಅಳೆಯುವ ಮೊದಲು ಯಂತ್ರವನ್ನು ಘೋಷಿತ ಶಕ್ತಿಯ ಮೂರನೆಯ ಒಂದು ಪಾಲಿನಲ್ಲಿ ಒಂದು ಗಂಟೆ ಓಡಿಸಬೇಕೆಂಬ ಷರತ್ತೂ ಅದರಲ್ಲಿತ್ತು. ಪೂರ್ಣಶಕ್ತಿಯಲ್ಲಿ ಓಡಿಸುವುದಕ್ಕಿಂತ ಇದು ಸೌಮ್ಯವೆಂದು ತೋರಬಹುದು, ವಸ್ತುಸ್ಥಿತಿ ತದ್ವಿರುದ್ಧವಾದುದು. ಸಾಮಾನ್ಯ ಆಂಪ್ಲಿಫೈಯರುಗಳ ಟ್ರಾನ್ಸಿಸ್ಟರುಗಳು ಅತ್ಯಂತ ಬಿಸಿಯಾಗುವುದು ಪೂರ್ಣಶಕ್ತಿಯಲ್ಲಲ್ಲ, ಅದರ ಸುಮಾರು ನೂರಕ್ಕೆ 40ರ ಹತ್ತಿರ. ಹೀಗಾಗಿ ಆ ಒಂದು ಗಂಟೆ ಅಗ್ಗದ ಯಂತ್ರಗಳಿಗೆ ಅಗ್ನಿಪರೀಕ್ಷೆಯೇ ಆಯಿತು. ನಿರ್ಮಾಪಕರ ಗೊಣಗಾಟ ದೀರ್ಘಕಾಲ ನಡೆದು, ಮುಂದೆ ಆ ಪಾಲನ್ನು ಎಂಟನೆಯ ಒಂದಕ್ಕೆ ಇಳಿಸಲಾಯಿತು.

ಮಿತವ್ಯಯದ ಆಂಪ್ಲಿಫೈಯರೊಂದನ್ನು ಪರೀಕ್ಷಿಸುವ ಬಗೆಯನ್ನು ತಿಳಿಯಲು 1978ರಲ್ಲಿ ಹೊರಬಂದ ಎನ್.ಎ.ಡಿ. ಎಂಬ ಬ್ರಿಟಿಷ್ ಕಂಪನಿಯ 3020 ಎಂಬ ಯಂತ್ರಕ್ಕಿಂತ ಉತ್ತಮ ನಿದರ್ಶನವನ್ನು ನಾನು ಕಾಣೆ. ನಾರ್ವೆಯ ಎರಿಕ್ ಎಡ್ವರ್ಡ್‌ಸೆನ್ ಇದರ ವಿನ್ಯಾಸಕ. ರೆಕಾರ್ಡ್ ಪ್ಲೇಯರಿನ ಕ್ಷೀಣ ಸಂಕೇತವನ್ನು ಹದಗೊಳಿಸುವ ಭಾಗವನ್ನೂ ಸ್ಪೀಕರನ್ನು ನಡುಗಿಸುವಷ್ಟು ಬಲ ತುಂಬುವ ಭಾಗವನ್ನೂ ಒಂದೇ ಪೆಟ್ಟಿಗೆಯಲ್ಲಿ ಅಡಕಮಾಡಿದ ಇಂತಹ ಯಂತ್ರಕ್ಕೆ ಇಂಟಿಗ್ರೇಟೆಡ್ ಆಂಪ್ಲಿಫೈಯರ್ ಎಂದು ಹೆಸರು. ಬೂದುಬಣ್ಣದ ಅದರ ಮುಖದಲ್ಲಿ ಆಡಂಬರವೇನೂ ಇರಲಿಲ್ಲ, ಘೋಷಿತ ಶಕ್ತಿಯೂ ಚಾನೆಲೊಂದಕ್ಕೆ ಕೇವಲ 20 ವಾಟುಗಳು. ಹಾಗಿದ್ದೂ ಅದು ಹೈಫೈ ಚರಿತ್ರೆಯಲ್ಲಿ ಅತ್ಯಧಿಕವಾಗಿ ಮಾರಾಟವಾದ ಆಂಪ್ಲಿಫೈಯರುಗಳ ಸಾಲಿಗೆ ಸೇರಿತು.

ಇಂತಹ ಯಂತ್ರ ಪರೀಕ್ಷೆಯ ಮೇಜಿಗೆ ಬಂದಾಗ ಮೊದಲು ಆಗುವ ಕಾರ್ಯವೆಂದರೆ ಸ್ಪೀಕರುಗಳನ್ನು ಕಳಚಿ, ಅವುಗಳ ಸ್ಥಾನದಲ್ಲಿ ತಂತಿ ಸುತ್ತಿದ 8 ಓಂಗಳ ದಪ್ಪನೆಯ ರೋಧಕಗಳನ್ನು ಜೋಡಿಸುವುದು. ಇದಕ್ಕೆ ಡಮ್ಮಿ ಲೋಡ್ ಎನ್ನುತ್ತಾರೆ. ಶಬ್ದವಿಲ್ಲದೆ ಶಕ್ತಿಯನ್ನೆಲ್ಲ ಶಾಖವಾಗಿ ಕಳೆಯುವುದು ಅದರ ಕೆಲಸ. ಯಂತ್ರದ ಪ್ರವೇಶದ್ವಾರಕ್ಕೆ ಸೆಕೆಂಡಿಗೆ 1,000 ಕಂಪನಗಳ ಶುದ್ಧ ಸೈನ್ ಅಲೆಯನ್ನು ಕೊಡುವ ಆಸಿಲೇಟರನ್ನೂ, ನಿರ್ಗಮನಕ್ಕೆ ಆ ಅಲೆಯನ್ನು ತೆರೆಯ ಮೇಲೆ ಬರೆದು ತೋರಿಸುವ ಆಸಿಲೋಸ್ಕೋಪನ್ನೂ ಸೇರಿಸಲಾಗುತ್ತದೆ. (ಇಂತಹ ಆಸಿಲೇಟರುಗಳೇ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಮೊತ್ತಮೊದಲ ಸರಕು, ‘ಫ್ಯಾಂಟಾಸಿಯಾ’ ಚಿತ್ರದ ಧ್ವನಿಗಾಗಿ ಅವುಗಳಲ್ಲಿ ಎಂಟನ್ನು ಕೊಂಡವನು ವಾಲ್ಟ್ ಡಿಸ್ನಿ.) ಈಗ ವಾಲ್ಯೂಮನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋದರೆ ತೆರೆಯ ಮೇಲಿನ ಅಲೆ ತನ್ನ ದುಂಡುತನವನ್ನು ಬಿಡದೆ ಎತ್ತರವಾಗುತ್ತ ಬರುತ್ತದೆ. 8 ಓಂಗಳ ಹೊರೆಯ ಮೇಲೆ 20 ವಾಟುಗಳೆಂದರೆ 12.65 ವೋಲ್ಟುಗಳು; ವೋಲ್ಟಿನ ವರ್ಗವನ್ನು ಓಂನಿಂದ ಭಾಗಿಸಿದರೆ ವಾಟು ದೊರೆಯುತ್ತದೆಂಬುದು ಶಾಲೆಯ ಪಾಠ. ಅಲೆಯ ಪರಿಣಾಮಕಾರಿ (ಆರ್.ಎಂ.ಎಸ್.) ವೋಲ್ಟೇಜು ಆ ಅಂಕಿಯನ್ನು ದಾಟಿದ ಮೇಲೂ ಅದರ ನೆತ್ತಿ ದುಂಡಗೆ ಇದ್ದರೆ ನಿರ್ಮಾಪಕನ ಮಾತು ನಿಜ; ಅದಕ್ಕೂ ಮುಂಚೆಯೇ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾದರೆ ಯಂತ್ರದೊಳಗಿನ ವಿದ್ಯುತ್ ಪೂರೈಕೆ ಬರಿದಾಯಿತೆಂದರ್ಥ. ಈ ಚಪ್ಪಟೆಯಾಗುವಿಕೆಯೇ ಕ್ಲಿಪ್ಪಿಂಗ್. ಒಂದೇ ಚಾನೆಲನ್ನು ದುಡಿಸಿದಾಗ ಪೂರ್ಣಾಂಕ ಪಡೆದ ಅಗ್ಗದ ಯಂತ್ರವೊಂದು ಎರಡನ್ನೂ ಕೂಡಿ ದುಡಿಸಿದೊಡನೆ ಹಿಂಜರಿಯುವುದು ಅಪರೂಪವೇನಲ್ಲ, ಏಕೆಂದರೆ ಎರಡಕ್ಕೂ ಇರುವುದು ಒಂದೇ ಟ್ರಾನ್ಸ್‌ಫಾರ್ಮರ್.

ಬಳಿಕ ವಿಕೃತಿಯ ವಿಚಾರ. 1,000 ಕಂಪನಗಳ ಸ್ವರವನ್ನು ಕೊಟ್ಟರೆ ಯಂತ್ರವು ಅದನ್ನಷ್ಟೇ ಹಿರಿದಾಗಿಸಿ ಕೊಡದೆ, ತನ್ನದೇ ಕಾಣಿಕೆಯಾಗಿ 2,000, 3,000 ಕಂಪನಗಳ ಉಪಸ್ವರಗಳನ್ನೂ ಬೆರಸುತ್ತದೆ. ವಿಶ್ಲೇಷಕ ಯಂತ್ರವು ಮೂಲಸ್ವರವನ್ನು ಸೋಸಿ ತೆಗೆದು, ಉಳಿದ ಕಲ್ಮಶವನ್ನು ಮಾತ್ರ ಅಳೆಯುತ್ತದೆ. ಬ್ರಿಟನ್ನಿನ ಹೆರಾಲ್ಡ್ ಲೀಕ್ 1945ರಲ್ಲಿ ತನ್ನ ವಾಲ್ವ್ ಆಂಪ್ಲಿಫೈಯರಿಗೆ ‘ಪಾಯಿಂಟ್ ಒನ್’ ಎಂದು ಹೆಸರಿಟ್ಟುದು ಅದರ ವಿಕೃತಿ ನೂರಕ್ಕೆ 0.1ನ್ನು ಮೀರದೆಂಬ ಹೆಮ್ಮೆಯಿಂದ. 3020ರ ನಿರ್ಮಾಪಕರು ಹೇಳಿಕೊಂಡದ್ದು 0.02, ಅಂದರೆ ಐದು ಸಾವಿರದಲ್ಲಿ ಒಂದು ಪಾಲು. ಆದರೆ ಈ ಅಂಕಿಯ ಕಿರಿದುತನಕ್ಕಿಂತ ಅದು ಯಾವ ಶಕ್ತಿಯಲ್ಲಿ ದೊರೆತದ್ದೆಂಬುದು ನನಗೆ ಮುಖ್ಯವಾಗಿ ತೋರುತ್ತದೆ. ಅಲೆಯ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರೂ ಕೆಳಗಿನರ್ಧವನ್ನು ಇನ್ನೊಂದೂ ಹೊರುವ ವ್ಯವಸ್ಥೆಯಲ್ಲಿ, ಒಂದರಿಂದ ಇನ್ನೊಂದಕ್ಕೆ ಹೊರೆ ಬದಲಾಗುವ ಸಂಧಿಯಲ್ಲಿ ಸಣ್ಣದೊಂದು ಮುಗ್ಗರಿಕೆ ಉಂಟಾಗಬಹುದು; ಕ್ರಾಸ್‌ಓವರ್ ವಿಕೃತಿ ಎಂಬ ಈ ದೋಷ ಗಟ್ಟಿ ಧ್ವನಿಯಲ್ಲಿ ಮುಚ್ಚಿಹೋಗಿ, ಮೃದಂಗ ವಿರಮಿಸಿ ತಂಬೂರಿಯೊಡನೆ ವೀಣೆಯ ಮೆಲುನುಡಿಯೊಂದೇ ಉಳಿದ ವೇಳೆಯಲ್ಲಿ ಒರಟಾಗಿ ತಲೆಯೆತ್ತುತ್ತದೆ. ಆದಕಾರಣ ಒಂದು ವಾಟಿನಲ್ಲಿಯೂ ಅದಕ್ಕೂ ಕೆಳಗೂ ಅಳೆಯದ ಪರೀಕ್ಷೆಯನ್ನು ನಾನು ಅರ್ಧಪರೀಕ್ಷೆಯೆಂದೇ ಎಣಿಸುವೆನು. ಮನೆಯಲ್ಲಿ ನಾವು ಸಂಗೀತ ಕೇಳುವುದು ಬಹುಪಾಲು ಅಲ್ಲಿಯೇ.

ರೋಧಕವು ಸಾಧುಪ್ರಾಣಿ, ಸ್ಪೀಕರು ಹಾಗಲ್ಲ. 8 ಓಂ ಎಂದು ಬರೆಸಿಕೊಂಡ ಸ್ಪೀಕರು ಕೆಲವು ಆವೃತ್ತಿಗಳಲ್ಲಿ 5 ಓಂಗಳಿಗೂ ಇಳಿದು, ಇನ್ನು ಕೆಲವೆಡೆ 20ನ್ನು ಮೀರಿ, ಆಂಪ್ಲಿಫೈಯರಿನಿಂದ ಬೇಡುವ ವಿದ್ಯುತ್ ಪ್ರವಾಹವನ್ನು ಕ್ಷಣಕ್ಷಣಕ್ಕೂ ಬದಲಿಸುತ್ತಿರುತ್ತದೆ. 4 ಓಂ, 2 ಓಂಗಳ ಹೊರೆಯ ಮೇಲೆ 20 ಮಿಲಿಸೆಕೆಂಡುಗಳಷ್ಟು ಸಣ್ಣ ಸ್ವರತುಣುಕುಗಳನ್ನು ಕೊಟ್ಟು ನೋಡುವ ಪರೀಕ್ಷೆ ಬಂದುದು ಇದಕ್ಕಾಗಿ. 3020ರ ನಿಜವಾದ ಗುಣ ಬೆಳಗಿದ್ದು ಇಲ್ಲಿ: ನಿರಂತರವಾಗಿ 20 ವಾಟುಗಳ ಈ ಯಂತ್ರಕ್ಕೆ ಕ್ಷಣಿಕವಾಗಿ 8 ಓಂಗಳ ಮೇಲೆ 40, 4 ಓಂಗಳ ಮೇಲೆ 58, 2 ಓಂಗಳ ಮೇಲೆ 72 ವಾಟುಗಳೆಂಬುದು ಕಂಪನಿಯ ಲೆಕ್ಕ. ಪಿ.ಎಂ.ಪಿ.ಓ.ದಂತೆ ಇದೂ ಕ್ಷಣಿಕ ಶಕ್ತಿಯೇ ಅಲ್ಲವೇ ಎಂದರೆ, ಹೌದು. ಹೊರೆ, ಅವಧಿ, ವಿಧಾನ ಎಲ್ಲವನ್ನೂ ಬಹಿರಂಗವಾಗಿ ಹೇಳಿ, ಮುಖದ ಮೇಲೆ 20ನ್ನೇ ಅಚ್ಚುಹಾಕಿದುದರಲ್ಲಿ ವ್ಯತ್ಯಾಸವಿದೆ. ಮಿತಿಮೀರಿ ಏರಿಸಿದರೂ ಅಲೆಯ ನೆತ್ತಿಯನ್ನು ಒಮ್ಮೆಗೇ ಕಡಿಯದೆ ಬಾಗಿಸುವ ‘ಸಾಫ್ಟ್ ಕ್ಲಿಪ್ಪಿಂಗ್’ ಎಂಬ ಏರ್ಪಾಡೂ ಅದರಲ್ಲಿತ್ತು.

ಅದರ ಬೆನ್ನಿನಲ್ಲಿದ್ದ ಇನ್ನೊಂದು ಸಂಗತಿ ನನಗೆ ವಿನೋದವಾಗಿ ಕಾಣುತ್ತದೆ. ಶಕ್ತಿವರ್ಧಕ ಭಾಗಕ್ಕೆ ಅಲ್ಲಿ ಎರಡು ಪ್ರವೇಶಗಳಿದ್ದವು. ಒಂದರ ಹೆಸರು ‘ನಾರ್ಮಲ್’, ಮತ್ತೊಂದರದು ‘ಲ್ಯಾಬ್’. ಮೊದಲನೆಯದು ಕಿವಿಗೆ ನಿಲುಕದ ಅತಿಮಂದ್ರ, ಅತಿತಾರ ಕಂಪನಗಳನ್ನು ಹೊರಗಿರಿಸಿದರೆ ಎರಡನೆಯದು ಎಲ್ಲಕ್ಕೂ ಬಾಗಿಲು ತೆರೆಯುತ್ತಿತ್ತು. ಕಾಗದದ ಮೇಲೆ ಸುಂದರವಾಗಿ ಕಾಣುವ ಅಂಕಿಗಳು ಬೇಕಾದವರಿಗೆ ಒಂದು, ಸಂಗೀತ ಬೇಕಾದವರಿಗೆ ಇನ್ನೊಂದು ಎಂದು ವಿನ್ಯಾಸಕ ನಗುತ್ತಲೇ ಬೇರ್ಪಡಿಸಿದ್ದಾನೇನೋ ಎನ್ನಿಸುತ್ತದೆ.

ಕಿವಿಯ ಸಾಕ್ಷ್ಯ ಬೇಡವೇ ಎಂದು ಕೇಳುವವರುಂಟು. ಬೇಕು, ಆದರೆ ಕಟ್ಟುಪಾಡಿನೊಡನೆ. ಎರಡು ಯಂತ್ರಗಳ ಧ್ವನಿಮಟ್ಟವನ್ನು ವೋಲ್ಟ್‌ಮೀಟರಿನಿಂದ ಸಮಮಾಡದೆ ಹೋಲಿಸಿದರೆ, ಕೂದಲೆಳೆಯಷ್ಟು ಗಟ್ಟಿಯಾಗಿ ನುಡಿಯುವುದನ್ನೇ ಕಿವಿ ಉತ್ತಮವೆಂದು ಸಾರಿಬಿಡುತ್ತದೆ. ಯಾವುದು ಯಾವುದೆಂದು ಕೇಳುಗನಿಗೆ ತಿಳಿದಿದ್ದರೆ ಬೆಲೆಯೇ ಅರ್ಧ ತೀರ್ಪನ್ನು ಬರೆಯುತ್ತದೆ. ವಾಟುಗಳ ಮೋಹಕ್ಕೂ ಇಷ್ಟು ತಿಳಿದಿರಲಿ: 20 ವಾಟನ್ನು 40 ಮಾಡಿದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ, ಧ್ವನಿ ಇಮ್ಮಡಿಯಾಯಿತೆಂದು ಕಿವಿಗೆ ತೋರಬೇಕಾದರೆ ಶಕ್ತಿ ಹತ್ತುಮಡಿಯಾಗಬೇಕು.

ಅಳೆಯುವ ಉಪಕರಣವಿಲ್ಲದ ಓದುಗರು ಹೊಸ ಯಂತ್ರವನ್ನು ಕೊಳ್ಳುವಾಗ ಎಷ್ಟು ಓಂಗಳ ಮೇಲೆ, ಎರಡು ಚಾನೆಲೂ ದುಡಿಯುವಾಗ, ಎಷ್ಟು ವಿಕೃತಿಯಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರವಿಲ್ಲದ ಅಂಕಿಯನ್ನು ಅಂಗಡಿಯಲ್ಲೇ ಬಿಟ್ಟುಬರುವುದು ಲೇಸು. 3020ರಂತಹ ಹಳೆಯ ಯಂತ್ರ ಕೈಗೆ ಸಿಕ್ಕಿದರೆ, ದಶಕಗಳಲ್ಲಿ ಅದರ ಕೆಪಾಸಿಟರುಗಳು ಒಣಗಿರುವ ಸಂಭವವಿರುವುದರಿಂದ, ಸ್ಪೀಕರು ಜೋಡಿಸುವ ಮುನ್ನ ಸಾಧಾರಣ ಮಲ್ಟಿಮೀಟರಿನಿಂದ ಸ್ಪೀಕರಿನ ತುದಿಗಳಲ್ಲಿ ಡಿ.ಸಿ. ವೋಲ್ಟೇಜನ್ನು ನೋಡಿರಿ, ಅದು 100 ಮಿಲಿವೋಲ್ಟನ್ನು ಮೀರಿದ್ದರೆ ಮೊದಲು ರಿಪೇರಿಯವನಲ್ಲಿಗೆ ಒಯ್ಯಿರಿ.