ತಾತನ ಜಮೀನಿನ ಕಾಗದ ಎಲ್ಲಿ ಕೇಳಲಿ?

ಪ್ರಶ್ನೆ: ರಾಯದುರ್ಗದ ನಮ್ಮ ತಾತನ ಜಮೀನಿನ ದಾಖಲೆಯನ್ನು ಮಾಹಿತಿ ಹಕ್ಕಿನಡಿ ಕನ್ನಡದಲ್ಲೇ ಕೇಳಬಹುದೇ?

ಉತ್ತರ: 2005ರ ಕಾಯ್ದೆಯಂತೆ ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿರಬೇಕು. ಆಂಧ್ರದಲ್ಲಿ ಅದು ತೆಲುಗು. ಮನೆಯಲ್ಲಿ ಕನ್ನಡವಾಡುವ ರಾಯದುರ್ಗ, ಮಡಕಶಿರಾದವರಿಗೆ ಇದು ಅನ್ಯಾಯವೆಂದೇ ನನ್ನ ಭಾವನೆ. ಆದರೆ ಬರೆಯಲಾಗದವರು ಬಾಯಲ್ಲಿ ಹೇಳಿದ್ದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿ ನೆರವಾಗಲೇಬೇಕು. ಮಂಡಲ ಕಚೇರಿಯಲ್ಲಿ ಶುಲ್ಕ 5 ರೂಪಾಯಿ, ಗ್ರಾಮ ಮಟ್ಟದಲ್ಲಿ ಅದೂ ಇಲ್ಲ. ಉತ್ತರಕ್ಕೆ 30 ದಿನಗಳ ಗಡುವು.

ಇನ್ನೊಂದು ಮುಖ್ಯ ಸಂಗತಿ: 1953ರಲ್ಲಿ ಆಂಧ್ರ ರಾಜ್ಯವಾಗುವವರೆಗೂ ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿತ್ತು. ತಾತನ ಕಾಲದ ಕಡತ ಬಳ್ಳಾರಿಯಲ್ಲೇ ಉಳಿದಿರಬಹುದು. ಅಲ್ಲಿಗೂ ಒಂದು ಅರ್ಜಿ ಹಾಕಿ; ಅದನ್ನು ಧಾರಾಳವಾಗಿ ಕನ್ನಡದಲ್ಲೇ ಬರೆಯಿರಿ.